ಹೈಡ್ರೋಜನ್ 640: ಟೆಸ್ಟಿಂಗ್ ಮೇಡಂಗೆ ಕೇಳಿ

ಸ್ಟೇಷನ್ ಆಪರೇಟರ್: ಮೇಡಂ, ನಮ್ಮ 110/11 ಕೆವಿ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಡಿಜಿಎ (ಎಣ್ಣೆಯಲ್ಲಿ ಕರಗಿದ ಗ್ಯಾಸ್‌ಗಳ ಪರೀಕ್ಷೆ) ರಿಪೋರ್ಟ್ ಬಂತು. ಮೂರು ತಿಂಗಳಲ್ಲಿ ಹೈಡ್ರೋಜನ್ 90ರಿಂದ 640 ಪಿಪಿಎಂ. ಅಸಿಟಿಲೀನ್ ಸೊನ್ನೆ ಇದ್ದದ್ದು 3. ಬಿಡಿವಿ (ಎಣ್ಣೆ ತಡೆಯುವ ವೋಲ್ಟೇಜ್) ಮಾತ್ರ 62 ಕೆವಿ, ಚೆನ್ನಾಗಿದೆ. ಗಾಬರಿ ಆಗಬೇಕಾ?

ಟೆಸ್ಟಿಂಗ್ ಇಂಜಿನಿಯರ್: ಸುಮ್ನೆ ಕೂರುವ ಹಾಗಂತೂ ಇಲ್ಲ. ಬಿಡಿವಿ ಹೇಳೋದು ಎಣ್ಣೆಯಲ್ಲಿನ ನೀರು, ಕಸದ ಕಥೆ. ಕಾಗದದ ಸುತ್ತಿನೊಳಗಿನ ಪಿಡಿ, ಅಂದ್ರೆ ಸಣ್ಣ ಸಣ್ಣ ಕಿಡಿ, ಅದಕ್ಕೆ ಗೊತ್ತಾಗುವುದಿಲ್ಲ. ಟ್ಯಾಪ್ ಚೇಂಜರ್ (ವೋಲ್ಟೇಜ್ ಹೊಂದಿಸುವ ಸ್ವಿಚ್) ಎಣ್ಣೆ ಮೇನ್ ಟ್ಯಾಂಕಿಗೆ ಸೋರಿದ್ದರೆ ಸಾಮಾನ್ಯವಾಗಿ ಹೈಡ್ರೋಜನ್‌ಗಿಂತ ಅಸಿಟಿಲೀನೇ ಜಾಸ್ತಿ ಇರುತ್ತದೆ. ನಿಮ್ಮದು ಉಲ್ಟಾ. ಹಾಗಾಗಿ ನನಗೆ ಪಿಡಿ ಮೇಲೇ ಅನುಮಾನ.

ಜಾಗ ಹುಡುಕೋಣ. ನ್ಯೂಟ್ರಲ್ ಅರ್ತ್ ಲೀಡಿಗೆ ಎಚ್‌ಎಫ್‌ಸಿಟಿ, ಅಂದ್ರೆ ಕಿಡಿಯ ಕರೆಂಟ್ ಪಲ್ಸ್ ಹಿಡಿಯುವ ಕ್ಲಾಂಪ್ (ಲೀಡ್ ಬಿಚ್ಚಬೇಡಿ!). ಟ್ಯಾಂಕ್ ಗೋಡೆಗೆ ಗ್ರೀಸ್ ಹಚ್ಚಿ, ಮ್ಯಾಗ್ನೆಟ್‌ನಿಂದ ಕಿಡಿಯ ಸದ್ದು ಹಿಡಿಯುವ ನಾಲ್ಕು ಅಕೌಸ್ಟಿಕ್ ಸೆನ್ಸರ್. ಕರೆಂಟ್ ಪಲ್ಸ್ ತಕ್ಷಣ ಸಿಗುತ್ತದೆ, ಸದ್ದು ಹಿಂದಿನಿಂದ ಬರುತ್ತದೆ. ಎಣ್ಣೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,400 ಮೀಟರ್. 0.8 ಮಿಲಿಸೆಕೆಂಡ್ ತಡವಾದರೆ ಕಿಡಿ ಸುಮಾರು 1.1 ಮೀಟರ್ ದೂರ. ಆದರೆ ಉಕ್ಕಿನಲ್ಲಿ ಸದ್ದು ಇನ್ನೂ ಜೋರಾಗಿ ಓಡುತ್ತದೆ. ಗೋಡೆಗುಂಟ ಬಂದದ್ದು ಮೊದಲೇ ತಲುಪಿ ಲೆಕ್ಕ ಕೆಡಿಸುತ್ತದೆ. ಒಮ್ಮೆ ಇದನ್ನೇ ನಂಬಿ ಅರ್ಧ ದಿನ ತಪ್ಪು ಫೇಸ್ ಮುಂದೆ ಕೂತಿದ್ದೆ. ಸೆನ್ಸರನ್ನು ಗೇಣು ಗೇಣು ಸರಿಸಿ, ತಡ ಅತಿ ಕಡಿಮೆ ಇರುವ ಜಾಗ ಹಿಡಿಯಬೇಕು.

ಡಿಪ್ಲೊಮಾ ವಿದ್ಯಾರ್ಥಿ: ಟ್ರಾನ್ಸ್‌ಫಾರ್ಮರ್ ಬ್ರೀದರ್‌ನ (ಒಳಹೋಗುವ ಗಾಳಿ ಒಣಗಿಸುವ ಡಬ್ಬಿ) ಸಿಲಿಕಾ ಜೆಲ್ ಗುಲಾಬಿ ಆಗಿದೆ. ಪಿಡಿನಾ?

ಟೆಸ್ಟಿಂಗ್ ಇಂಜಿನಿಯರ್: ಅಲ್ಲ. ತೇವ. ಬದಲಿಸಿ.

ಕಾಂಟ್ರಾಕ್ಟರ್: ಫಾರ್ವರ್ಡ್ ನೋಡಿ: ‘ಎಣ್ಣೆ ಫಿಲ್ಟರ್ ಮಾಡಿಸಿ, ಗ್ಯಾಸ್ ಮಾಯ!’

ಟೆಸ್ಟಿಂಗ್ ಇಂಜಿನಿಯರ್: ಮಾಯ ಆಗೋದು ಗ್ಯಾಸ್, ದೋಷ ಅಲ್ಲ. ಫಿಲ್ಟರ್ ಮಾಡಿದ ಮೇಲೆ ಏರಿಕೆ ಎಷ್ಟಿತ್ತು ಅಂತ ಎಲ್ಲಿ ನೋಡ್ತೀರಿ? ಇಂಥವನ್ನು ಇಲ್ಲಿ ಹಾಕಬೇಡಿ.

ಹೊಸ ಸದಸ್ಯ: ಜೆಲ್ ಗುಲಾಬಿ ಆದ್ರೆ ಏನರ್ಥ ಮೇಡಂ?

ಟೆಸ್ಟಿಂಗ್ ಇಂಜಿನಿಯರ್: ಮೇಲೆ ಓದಿ.

ಕಾಂಟ್ರಾಕ್ಟರ್: ಥರ್ಮಲ್ ಕ್ಯಾಮೆರಾ ಸಾಕು. ಸೆನ್ಸರ್ ಎಲ್ಲ ಬಿಲ್ ಮಾಡೋಕೆ.

ನಿವೃತ್ತ ಲೈನ್‌ಮ್ಯಾನ್: ಕ್ಯಾಮೆರಾಗೆ ಕಾಣೋದು ಟ್ಯಾಂಕಿನ ಹೊರಮೈ ಬಿಸಿ ಮಾರಾಯ್ರೆ. ನಾವು ಮರದ ಕೋಲು ಕಿವಿಗಿಟ್ಟು ಕೇಳ್ತಿದ್ವಿ.

ಕಾಂಟ್ರಾಕ್ಟರ್: ಕೋಲಿನ ಕಾಲ ಮುಗೀತು ಅಜ್ಜಾ.

ನಿವೃತ್ತ ಲೈನ್‌ಮ್ಯಾನ್: ನಿಮ್ಮ ಬಿಲ್ಲಿನ ಕಾಲ ಯಾವಾಗ ಮುಗಿಯುತ್ತೆ?

ಟೆಸ್ಟಿಂಗ್ ಇಂಜಿನಿಯರ್: ಇಬ್ಬರೂ ನಿಲ್ಲಿಸಿ. ಕೋಲು ಹಿಡಿದು ಯಾರೂ ಹತ್ತಿರ ಹೋಗಬೇಡಿ, ಜೀವ ಹೋಗುತ್ತದೆ. ಕೋಲಿನಲ್ಲಿ ಕೇಳೋದು ಕೋರಿನ 100 ಹರ್ಟ್ಸ್ ಗುಂಯ್. ಸೆನ್ಸರ್ ಹುಡುಕೋದು ಸುಮಾರು 100ರಿಂದ 300 ಕಿಲೋಹರ್ಟ್ಸ್. ಕಿವಿ 20ಕ್ಕೇ ನಿಲ್ಲುತ್ತದೆ.

ಹೊಸ ಸದಸ್ಯ: ಸೆನ್ಸರ್ ಸೆಟ್ ರೇಟ್ ಎಷ್ಟು?

ಸ್ಟೇಷನ್ ಆಪರೇಟರ್: ಮೇಡಂ, ಇವತ್ತು ಮತ್ತೆ ಸ್ಯಾಂಪಲ್ ತೆಗೆದಿದ್ದೇವೆ.

ಟೆಸ್ಟಿಂಗ್ ಇಂಜಿನಿಯರ್: ಯಾವುದರಲ್ಲಿ?

ಸ್ಟೇಷನ್ ಆಪರೇಟರ್: ನೀರಿನ ಬಾಟಲಿಯಲ್ಲಿ.

ಟೆಸ್ಟಿಂಗ್ ಇಂಜಿನಿಯರ್: ಚೆಲ್ಲಿ. ಗಾಜಿನ ಸಿರಿಂಜ್‌ನಲ್ಲಿ ತೆಗೆಯಿರಿ, ಗುಳ್ಳೆ ಇರಬಾರದು. ಮೊದಲು ಓಡಿಹೋಗೋದೇ ಹೈಡ್ರೋಜನ್.