ಮೇಪಲ್ ಡ್ರಮ್ ಕಿಟ್ ಮಾಡಿಸುವ ಮುನ್ನ: ಡ್ರಮ್ ರಿಪೇರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರು): ಸರ್ ನಮಸ್ಕಾರ. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತೇನೆ. ಇಷ್ಟು ದಿನ ಅಂಗಡಿಯ ರೆಡಿ ಸೆಟ್‌ನಲ್ಲೇ ಕಾಲ ತಳ್ಳಿದೆ. ಈಗ ಒಬ್ಬ ಬಿಲ್ಡರ್ ಹತ್ತಿರ ಫುಲ್ ಮೇಪಲ್ ಮರದ ಕಿಟ್ ಮಾಡಿಸೋಣ ಅಂತಿದ್ದೇನೆ. ಇಂಚಿನ ಲೆಕ್ಕದಲ್ಲಿ 10, 12, 16 ಟಾಮ್, 22 ಕಿಕ್ (ಕಾಲಲ್ಲಿ ನುಡಿಸುವ ದೊಡ್ಡ ಡ್ರಮ್), 14 ಸ್ನೇರ್ (ಕೆಳಗೆ ತಂತಿ ಇರುವ ಡ್ರಮ್). "10 ಪ್ಲೈ (ಪದರ) ಹಾಕಿಸಿ, ದಪ್ಪ ಇದ್ದಷ್ಟೂ ಸೌಂಡ್ ಚೆನ್ನಾಗಿರುತ್ತೆ" ಅಂತಾರೆ ಅವರು. ಅರ್ಧ ದುಡ್ಡು ಅಡ್ವಾನ್ಸ್ ಕೇಳಿದ್ದಾರೆ. ಕೊಡುವ ಮೊದಲು ಏನೇನು ವಿಚಾರಿಸಬೇಕು?

ಉತ್ತರ: ನಮಸ್ಕಾರ. ಮೊದಲು ಪ್ಲೈ ವಿಷಯ ಮುಗಿಸೋಣ. ದಪ್ಪ ಜಾಸ್ತಿಯಾದರೆ ಸೌಂಡ್ ಚೆನ್ನಾಗಿ ಆಗುತ್ತದೆ ಅಂತೇನಿಲ್ಲ, ಬೇರೆ ಆಗುತ್ತದೆ ಅಷ್ಟೆ. 5-6 ಮಿ.ಮೀ. ದಪ್ಪದ ಶೆಲ್ (ಡ್ರಮ್‌ನ ಮರದ ಮೈ) ಬೇಗ ಅದುರುತ್ತದೆ, ಸ್ವರ ಕೆಳಗಿರುತ್ತದೆ, ಮೆಲ್ಲಗೆ ನುಡಿಸಿದರೂ ತುಂಬಿ ಕೇಳಿಸುತ್ತದೆ. 10 ಪ್ಲೈ ಅಂದರೆ ಸುಮಾರು 8 ಮಿ.ಮೀ. ಅದರ ಸ್ವರ ಸ್ವಲ್ಪ ಮೇಲೆ, ಪೆಟ್ಟು ದೂರಕ್ಕೆ ಹೋಗುತ್ತದೆ, ಆದರೆ ಜೋರಾಗಿ ಹೊಡೆದಾಗಲೇ ಅದು ಬಾಯಿ ಬಿಡೋದು. ನಿಮ್ಮ ಸ್ಟೇಜಿನಲ್ಲಿ ಹೇಗೂ ಮೈಕ್ ಇರುತ್ತದೆ ಅಲ್ವಾ? ಟಾಮ್‌ಗೂ ಕಿಕ್‌ಗೂ 6 ಮಿ.ಮೀ. ಆಸುಪಾಸು ಧಾರಾಳ ಸಾಕು. 10 ಪ್ಲೈ ಆಸೆ ಇದ್ದರೆ ಸ್ನೇರ್‌ಗೆ ಹಾಕಿಸಿ.

"ಫುಲ್ ಮೇಪಲ್" ಅನ್ನೋದನ್ನು ಕಣ್ಣಾರೆ ನೋಡಿ ನಂಬಿ. ಹೊರಗೊಂದು ಒಳಗೊಂದು ಪದರ ಮೇಪಲ್, ನಡುವೆ ಪಾಪ್ಲರೋ ಬಾಸ್‌ವುಡ್ಡೋ ತುಂಬಿದ್ದನ್ನೂ ಮೇಪಲ್ ಅಂತಲೇ ಮಾರುವವರಿದ್ದಾರೆ. ಹೆಡ್ (ಡ್ರಮ್ ಬಾಯಿಗೆ ಬಿಗಿಯುವ ಪೊರೆ) ಹಾಕದ ಶೆಲ್‌ನ ಅಂಚು ನೋಡಿ. ಎಲ್ಲಾ ಪದರವೂ ಕೆನೆ ಬಣ್ಣದಲ್ಲಿ, ಸಣ್ಣ ಎಳೆಯಲ್ಲಿ ಇರಬೇಕು. ಒಂದು ಪದರ ಅಡ್ಡ, ಒಂದು ಪದರ ಉದ್ದ ಅಂಟಿಸುವುದರಿಂದ ಬೆಳಕಿಗೆ ಸ್ವಲ್ಪ ಹೆಚ್ಚುಕಮ್ಮಿ ಕಾಣುವುದು ಸಹಜ. ನಡುವೆ ಹಸಿರು ಛಾಯೆಯ ಪದರ ಕಂಡರೆ ಮಾತ್ರ ಪಾಪ್ಲರ್ ಇರಬಹುದಾ ಅಂತ ಕೇಳಿ. ಮಿಶ್ರಣ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಗ್ರೆಚ್ ಅನ್ನೋ ಡ್ರಮ್ ಕಂಪನಿಯವರ ಹೆಸರುವಾಸಿ 6 ಪ್ಲೈ ಶೆಲ್‌ನಲ್ಲೇ ಮೇಪಲ್ ಜೊತೆ ಗಮ್‌ವುಡ್ ಇದೆ. ಅವರು ಅದನ್ನು ಹೇಳಿ ಮಾರುತ್ತಾರೆ, ನೀವು ಮೇಪಲ್‌ಗೆ ದುಡ್ಡು ಕೊಟ್ಟು ಪಾಪ್ಲರ್ ತರಬೇಡಿ ಅಷ್ಟೇ. ಇನ್ನೊಂದು ಮಾತು. ಸಣ್ಣ ಬಿಲ್ಡರ್‌ಗಳಲ್ಲಿ ಸುಮಾರು ಜನ ಶೆಲ್ ತಾವೇ ಮಾಡುವುದಿಲ್ಲ, ಅಮೆರಿಕದ ಕೆಲ್ಲರ್‌ನಂಥವರಿಂದ ಬರಿ ಶೆಲ್ ತರಿಸಿ ಅಂಚು ಕತ್ತರಿಸಿ, ಬಣ್ಣ ಹೊಡೆದು, ಲಗ್ (ಹೆಡ್ ಬಿಗಿಯುವ ರಾಡ್ ಕೂರುವ ಲೋಹದ ತುಂಡು) ಕೂರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಶೆಲ್ ಯಾರದ್ದು ಅಂತ ಕೇಳಿದರೆ ನೇರ ಉತ್ತರ ಬರಬೇಕು.

ಈಗ ನಿಜವಾದ ವಿಷಯ, ಬೇರಿಂಗ್ ಎಡ್ಜ್. ಹೆಡ್ ಕೂರುವುದು ಆ ಅಂಚಿನ ಮೇಲೆ. ಅದು ಸರಿಯಿಲ್ಲದಿದ್ದರೆ ಎಂಥಾ ಮೇಪಲ್ ಇದ್ದರೂ ಡ್ರಮ್ ಶ್ರುತಿಗೆ ನಿಲ್ಲುವುದಿಲ್ಲ. 45 ಡಿಗ್ರಿ ಚೂಪು ಅಂಚಿನಲ್ಲಿ ಹೆಡ್ ಮರಕ್ಕೆ ತಾಗುವ ಜಾಗ ಕಡಿಮೆ, ಹಾಗಾಗಿ ಪೆಟ್ಟು ಸ್ಪಷ್ಟ, ನಾದ ಉದ್ದ. 30 ಡಿಗ್ರಿ ಅಥವಾ ದುಂಡು ಅಂಚಿನಲ್ಲಿ ಹೆಡ್ ಮರಕ್ಕೆ ಜಾಸ್ತಿ ಒರಗುತ್ತದೆ, ಸದ್ದು ಮೆತ್ತಗೆ, ಗಿಡ್ಡ. ನಿಮಗೆ ಟಾಮ್‌ಗೆ 45, ಕಿಕ್‌ಗೆ ದುಂಡು ಅಂಚು ಹೇಳಬಹುದು. ಸ್ನೇರ್‌ನ ಕೆಳ ಅಂಚಿನಲ್ಲಿ ತಂತಿ ಕೂರುವ ಎರಡು ಕಡೆ ತುಸು ಇಳಿಜಾರು ಮಾಡಿರಬೇಕು. ಅದಕ್ಕೆ ಸ್ನೇರ್ ಬೆಡ್ ಅಂತಾರೆ. ಅದಿಲ್ಲದಿದ್ದರೆ ತಂತಿ ಹೆಡ್‌ಗೆ ಪೂರ್ತಿ ಅಂಟುವುದಿಲ್ಲ, ಏನು ಮಾಡಿದರೂ ಗಿಜಿಗಿಜಿ.

ಮರ, ಪ್ಲೈ, ಮಿ.ಮೀ., ಅಂಚಿನ ಡಿಗ್ರಿ, ಹೂಪ್ (ಹೆಡ್ ಒತ್ತಿ ಹಿಡಿಯುವ ಬಳೆ) ಯಾವುದು, ಹೆಡ್ ಯಾವುದು, ಯಾವತ್ತು ಕೊಡುತ್ತಾರೆ ಎಲ್ಲವನ್ನೂ ಬರೆಸಿಕೊಂಡು ಅಡ್ವಾನ್ಸ್ ಕೊಡಿ. ವಾಟ್ಸಾಪ್ ಮೆಸೇಜ್ ಆದರೂ ಸರಿ. ಬಾಕಿ ದುಡ್ಡು ಕೊಡುವುದು ಬಣ್ಣ ಹೊಡೆಯುವ ಮೊದಲು ಬರಿ ಶೆಲ್ ನೋಡಿದ ಮೇಲೆ.

ಪ್ರಶ್ನೆ (ಅದೇ ಮೈಸೂರಿನವರು): ಬರಿ ಶೆಲ್ ನೋಡೋಕೆ ಹೋದಾಗ ಏನು ನೋಡಲಿ? ನನ್ನ ಹತ್ತಿರ ಯಾವ ಉಪಕರಣವೂ ಇಲ್ಲ.

ಉತ್ತರ: ಒಂದು ಟೇಪು, ಮೊಬೈಲ್ ಟಾರ್ಚು ಸಾಕು. ನಾಲ್ಕು ಕಡೆಯಿಂದ ಅಡ್ಡಳತೆ ತೆಗೆಯಿರಿ, ಒಂದೇ ಬರಬೇಕು. ಅದು ಹೆಸರಿನ ಅಳತೆಗಿಂತ ಎರಡು ಮೂರು ಮಿ.ಮೀ. ಕಡಿಮೆ ಇರಬೇಕು. 12 ಇಂಚು ಅಂದರೆ 305 ಮಿ.ಮೀ., ಶೆಲ್ 302ರ ಹತ್ತಿರ ಇದ್ದರೆ ಹೆಡ್ ಸಲೀಸಾಗಿ ಕೂರುತ್ತದೆ. ರ‍್ಯಾಪ್ (ಶೆಲ್ ಮೇಲಿನ ಪ್ಲಾಸ್ಟಿಕ್ ಹೊದಿಕೆ) ಅಂಟಿಸುವುದಾದರೆ ಅದರ ದಪ್ಪವೂ ಸೇರುತ್ತದೆ, ಮರೆಯಬೇಡಿ. ಆಮೇಲೆ ಹೊಸ ಹೆಡ್ ಇಟ್ಟು ಕೈಯಲ್ಲಿ ತಿರುಗಿಸಿ. ಎಲ್ಲೂ ಹಿಡಿಯದೆ ತಿರುಗಬೇಕು.

ಅಂಚಿಗೆ ಗ್ರಾನೈಟ್ ಕಟ್ಟೆ ಉಪಯೋಗಿಸಿ. ಶೆಲ್ ಬೋರಲು ಹಾಕಿ, ಒಳಗೆ ಟಾರ್ಚ್ ಉರಿಸಿ, ರೂಮಿನ ಲೈಟ್ ಆರಿಸಿ. ಅಂಚಿನ ಕೆಳಗೆ ಬೆಳಕು ಸೋರಿದರೆ ಅಲ್ಲಿ ತಗ್ಗಿದೆ ಅಂತ ಅರ್ಥ. ಗಡಿಬಿಡಿ ಮಾಡಬೇಡಿ, ಶೆಲ್ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಬೆಳಕು ಶೆಲ್ ಜೊತೆ ಸರಿದರೆ ತಪ್ಪು ಅಂಚಿನದು. ಇದ್ದಲ್ಲೇ ಇದ್ದರೆ ತಪ್ಪು ಕಟ್ಟೆಯದು, ಬಿಲ್ಡರ್ ಮೇಲೆ ರೇಗಬೇಡಿ!

ಪ್ರಶ್ನೆ (ಮಂಗಳೂರು): ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲೇ ಉಬ್ಬಿ ಮುಚ್ಚುವುದಿಲ್ಲ ಮಾರಾಯ್ರೆ. ಮೇಪಲ್ ಇಲ್ಲಿ ತಡೆದೀತಾ?

ಉತ್ತರ: ತಡೆಯುತ್ತದೆ ಮಾರಾಯ್ರೆ. ಬಾಗಿಲು ಇಡೀ ಹಲಗೆ. ಇದು ಅಡ್ಡ ಉದ್ದ ಅಂಟಿಸಿದ ಪ್ಲೈ, ಅಷ್ಟು ಸುಲಭಕ್ಕೆ ಉಬ್ಬುವುದಿಲ್ಲ. ಒಂದೇ ಹಲಗೆ ಬಗ್ಗಿಸಿ ಮಾಡಿದ ಸ್ನೇರ್ ಮಾತ್ರ ನಿಮ್ಮ ಕಡೆಗೆ ಬೇಡ. ಶೆಲ್ ಒಳಮೈಗೆ ಸೀಲರ್ ಹೊಡೆಸಿ, ಅಂಚಿಗೆ ಮೇಣ ತಿಕ್ಕಿಸಿ, ಲಗ್ ಕೊರೆದ ತೂತಿನ ಒಳಗೂ ಸೀಲರ್ ಹೋಗಲಿ. ಅಲ್ಲಿಂದಲೇ ತೇವ ಒಳಗೆ ನುಗ್ಗೋದು. ಹೆಡ್ ಪ್ಲಾಸ್ಟಿಕ್ ಫಿಲ್ಮ್, ಮೃದಂಗದ ಚರ್ಮದ ಹಾಗೆ ಮಳೆಗೆ ಇಳಿಯುವುದಿಲ್ಲ. ನಿಮ್ಮಲ್ಲಿ ಮೊದಲು ಹಾಳಾಗುವುದು ಕಬ್ಬಿಣ. ರಾಡ್, ಸ್ನೇರ್ ತಂತಿ, ಪೆಡಲ್ ಸ್ಪ್ರಿಂಗ್ ಇವಕ್ಕೆಲ್ಲ ಜೂನ್‌ಗೆ ಮುಂಚೆಯೇ ಎಣ್ಣೆ ಕೈ ಮಾಡಿಡಿ.

ಪ್ರಶ್ನೆ (ಡಲ್ಲಾಸ್): ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದ್ದೇನೆ. ದಾವಣಗೆರೆಯಲ್ಲಿ ತಮ್ಮ ಇದ್ದಾನೆ, ಅವನಿಗೆ ಇಲ್ಲಿಂದ ಮೇಪಲ್ ಕಿಟ್ ತರಬಹುದಾ? ಕೊರಿಯರ್ ಒಳ್ಳೆಯದಾ?

ಉತ್ತರ: ಪೂರ್ತಿ ಕಿಟ್ ಕೊರಿಯರ್ ಮಾಡಿದರೆ ನೀವು ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ಎಕ್ಸ್‌ಪ್ರೆಸ್ ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 65×65×55ರ ಪೆಟ್ಟಿಗೆಯಲ್ಲಿ 22 ಇಂಚಿನ ಕಿಕ್ ಇಟ್ಟರೆ ಲೆಕ್ಕಕ್ಕೆ 46 ಕೆ.ಜಿ. ದಾಟುತ್ತದೆ. ತಕ್ಕಡಿಯಲ್ಲಿ ಅದರ ಅರ್ಧವೂ ಬರುವುದಿಲ್ಲ.

ಲಗ್ ಕೊರೆಯದ ಬರಿ ಶೆಲ್ ತಂದರೆ ಒಂದರೊಳಗೊಂದು ಕೂರುತ್ತವೆ, 22ರ ಒಳಗೆ 16, ಅದರೊಳಗೆ 12, 10. ಚೆಕ್-ಇನ್ ಬ್ಯಾಗೇಜ್‌ಗೆ ಸಾಮಾನ್ಯವಾಗಿ ಮೂರು ಅಳತೆ ಕೂಡಿದರೆ 158 ಸೆಂ.ಮೀ. ಮಿತಿ. 22×18 (ಅಗಲ 22, ಆಳ 18 ಇಂಚು) ಶೆಲ್ ಪೆಟ್ಟಿಗೆ ಇಲ್ಲದೆಯೇ ಅಲ್ಲಿಗೆ ಬಂದುಬಿಡುತ್ತದೆ. 22×16 ತೆಗೆದುಕೊಂಡರೂ ಪ್ಯಾಕಿಂಗ್ ಸೇರಿ ದಾಟಬಹುದು, ಏರ್‌ಲೈನ್‌ಗೆ ಮೊದಲೇ ಫೋನ್ ಮಾಡಿ. ಬಿಲ್ ಕೈಯಲ್ಲಿರಲಿ. ಇಲ್ಲಿ ಇಳಿದ ಮೇಲೆ ಡಿಕ್ಲೇರ್ ಮಾಡಿ, ಸುಂಕ ಬಂದರೆ ಕಟ್ಟಿಬಿಡಿ. ಲಗ್ಗು, ಹೂಪು, ಬಣ್ಣ ಇಲ್ಲೇ ಮಾಡಿಸಬಹುದು. ನಿಮ್ಮ ತಮ್ಮ ಏನು ನುಡಿಸುತ್ತಾರೆ ಅಂತ ಮೊದಲು ಕೇಳಿ. ಜಾಜ್ ಮನುಷ್ಯ ಆದರೆ 18 ಇಂಚಿನ ಕಿಕ್ ಸಾಕು, ಅರ್ಧ ತಲೆನೋವು ಅಲ್ಲೇ ಮುಗಿಯಿತು.

ಪ್ರಶ್ನೆ (ಬೆಂಗಳೂರು): ಅಪಾರ್ಟ್‌ಮೆಂಟಲ್ಲಿ ಇಡಬಹುದಾ ಸರ್?

ಉತ್ತರ: ಇಡಬಹುದು, ನುಡಿಸೋಕೆ ಆಗಲ್ಲ. ಮನೆಯಲ್ಲಿ ಮೆಶ್ ಹೆಡ್ (ಸದ್ದು ಕಮ್ಮಿ ಮಾಡುವ ಬಲೆಯಂಥ ಹೆಡ್) ಹಾಕಿ, ಸಿಂಬಲ್ ಸದ್ದು ಕಮ್ಮಿಯದ್ದು ತನ್ನಿ. ಕಿಕ್ ಪೆಟ್ಟು ಆಗಲೂ ನೆಲದಿಂದ ಕೆಳಮನೆಗೆ ಇಳಿಯುತ್ತದೆ, ದಪ್ಪ ರಬ್ಬರ್ ಮ್ಯಾಟ್ ಬೇಕು. ಅಷ್ಟೆಲ್ಲಾ ಮಾಡುವುದಾದರೆ ಮೇಪಲ್‌ಗೆ ದುಡ್ಡು ಯಾಕೆ, ಎಲೆಕ್ಟ್ರಾನಿಕ್ ಕಿಟ್ ನೋಡಿ.

ಪ್ರಶ್ನೆ (ಮತ್ತೆ ಮೈಸೂರು): ಸರ್, ಕಿಟ್ ಬಂತು! ಅಂಚು ಪಾಸ್, ಬೆಳಕು ಸೋರಲಿಲ್ಲ. ಆದರೆ ಫ್ಲೋರ್ ಟಾಮ್ (16 ಇಂಚಿನದು) "ಬೊಯ್ಯಿಂಗ್" ಅಂತ ಎಳೆಯುತ್ತದೆ. ಹತ್ತು ನಿಮಿಷ ನುಡಿಸಿದರೆ ಸೊಂಟವೂ ಹಿಡಿಯುತ್ತದೆ. ಟೇಪ್ ಅಂಟಿಸಲಾ?

ಉತ್ತರ: ಸೊಂಟಕ್ಕಾ? ತಮಾಷೆ. ಟೇಪ್ ಕೊನೆಗೆ. ಮೊದಲು ಎರಡೂ ಹೆಡ್ ಬಿಚ್ಚಿ, ಅಂಚು ಒಣಬಟ್ಟೆಯಲ್ಲಿ ಒರೆಸಿ. ಕೆಳಗಿನದರಿಂದ ಶುರು ಮಾಡಿ. ಎಲ್ಲಾ ರಾಡ್ ಬೆರಳಲ್ಲೇ ತಿರುಗಿಸಿ, ತಿರುಗದಷ್ಟು ಬಿಗಿ ಮಾಡಿ. ಆಮೇಲೆ ಕೀ ಹಾಕಿ ಅರ್ಧರ್ಧ ಸುತ್ತು. ಪಕ್ಕದ್ದಕ್ಕೆ ಹೋಗಬೇಡಿ, ಎದುರಿನದಕ್ಕೆ ಹೋಗಿ. ಸುಕ್ಕು ಹೋದ ಮೇಲೆ ಹೆಡ್ ನಡುವೆ ಬೆರಳು ಮೆಲ್ಲಗೆ ಒತ್ತಿಟ್ಟು, ಪ್ರತಿ ರಾಡ್‌ನಿಂದ ಒಂದಿಂಚು ಒಳಗೆ ಕಡ್ಡಿಯಿಂದ ತಟ್ಟಿ. ಮೃದಂಗದವರು ಸುತ್ತಲೂ ತಟ್ಟಿ ಶ್ರುತಿ ಸೇರಿಸುತ್ತಾರಲ್ಲ, ಅದೇ ಕಿವಿ ಇಲ್ಲೂ ಬೇಕು. ಒಂದು ಕಡೆ ತಗ್ಗಿದರೆ ಅದನ್ನು ಏರಿಸುವ ಮೊದಲು ಎದುರಿನದು ತೀರಾ ಬಿಗಿಯಾಗಿದೆಯಾ ನೋಡಿ. ಮೇಲಿನದಕ್ಕೂ ಇದೇ ಕ್ರಮ.

16 ಇಂಚಿಗೆ ಮೇಲೆ ಕೆಳಗೆ ಎರಡೂ ಒಂದೇ ಸ್ವರ ಇಟ್ಟರೆ ನಾದ ಉದ್ದ. ಕೆಳಗಿನದನ್ನು ಸ್ವಲ್ಪ ಏರಿಸಿದರೆ ನಾದ ಗಿಡ್ಡವಾಗಿ, ಸ್ವರ ತುಸು ಕೆಳಗೆ ಬಾಗುತ್ತದೆ. ನಿಮಗೆ ಎರಡನೆಯದು ಸರಿ. ಮೇಲೆ ಯಾವ ಹೆಡ್ ಇದೆ? ರೆಮೋದ ಅಂಬಾಸಿಡರ್ ಅಥವಾ ಇವಾನ್ಸ್‌ನ ಜಿ1 ಇದ್ದರೆ ಅವು 10 ಮಿಲ್‌ನ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಒಂದೇ ಪದರ, ಎಳೆಯುವುದು ಅವುಗಳ ಗುಣ. ಎಂಪರರ್ ಅಥವಾ ಜಿ2 ಹಾಕಿ, 7 ಮಿಲ್‌ನ ಎರಡು ಪದರ, ಅರ್ಧ ಎಳೆತ ಅಲ್ಲೇ ನಿಲ್ಲುತ್ತದೆ. ಕೆಳಗೆ ಒಂದೇ ಪದರದ್ದೇ ಇರಲಿ.

ಸೊಂಟಕ್ಕೆ ಸ್ಟೂಲ್ ಏರಿಸಿ. ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಕಿಟ್ ಸುಮ್ನೆ ಪಕ್ಕಕ್ಕಿಟ್ಟು ಮೊದಲು ಸ್ಟೂಲ್ ಮೇಲೆ ಒಬ್ಬರೇ ಕೂತು, ಕಾಲು ಎಲ್ಲಿ ತಾನಾಗಿ ಬೀಳುತ್ತದೋ ಅಲ್ಲಿ ಕಿಕ್ ಪೆಡಲ್, ಹೈಹ್ಯಾಟ್ (ಕಾಲಲ್ಲಿ ಮುಚ್ಚುವ ಜೋಡಿ ಸಿಂಬಲ್) ಇಡಿ. ಸ್ನೇರ್ ನಡುವೆ. ಟಾಮ್‌ಗಳು ಆಮೇಲೆ, ತುಂಬಾ ಓರೆ ಬೇಡ, ಕಡ್ಡಿ ಹೆಡ್‌ಗೆ ಚುಚ್ಚುತ್ತದೆ. ಎಲ್ಲಾ ಕೂತ ಮೇಲೆ ಮೆಮೊರಿ ಲಾಕ್ (ಸ್ಟ್ಯಾಂಡ್ ಇಟ್ಟ ಎತ್ತರ ಗುರುತು ಹಿಡಿಯುವ ಬಳೆ) ಬಿಗಿ ಮಾಡಿ, ಕಾರ್ಪೆಟ್ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಗಣೇಶನ ಸೀಸನ್‌ನಲ್ಲಿ ಸೌಂಡ್‌ನವರು "ಬೇಗ ಬೇಗ" ಅಂತ ಅವಸರ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ಮೈಸೂರು: ಮೇಲೆ ಒಂದೇ ಪದರದ್ದೇ ಇತ್ತು ಸರ್. ಎರಡು ಪದರದ್ದು ಆರ್ಡರ್ ಹಾಕಿದೆ. ಸ್ನೇರ್‌ಗೆ?

ಉತ್ತರ: ಮೇಲೆ ಕೋಟೆಡ್ (ಒರಟು ಲೇಪದ) ಅಂಬಾಸಿಡರ್, ಕೆಳಗೆ 3 ಮಿಲ್‌ನ ಸ್ನೇರ್ ಸೈಡ್ ಹೆಡ್. ಕೆಳಗಿನದು ಕಾಗದದಷ್ಟು ತೆಳು, ಡ್ರಮ್ ನೆಲಕ್ಕಿಡುವಾಗ ಕಡ್ಡಿ ಗಿಡ್ಡಿ ಕೆಳಗೆ ಬಿದ್ದಿದೆಯಾ ನೋಡಿಕೊಳ್ಳಿ.