ಕೋಳಿ ಮರಿ ಬಂದ ದಿನವೇ ಆಂಟಿಬಯಾಟಿಕ್ ಹಾಕ್ಬೇಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ಗುಬ್ಬಿ ಹತ್ರ ನಮ್ದೊಂದು ಸಣ್ಣ ಶೆಡ್ಡು, 300 ಸ್ವರ್ಣಧಾರ ತಳಿ ಕೋಳಿ ಮರಿ ಬಿಟ್ಟಿದೀನಿ, ಇವತ್ತಿಗೆ 12 ದಿನ. ಮೊದಲ್ನೇ ದಿನದಿಂದ ಐದು ದಿನ ಫೀಡ್ ಅಂಗಡಿಯವ್ರು ಕೊಟ್ಟ ಆಂಟಿಬಯಾಟಿಕ್ ಪುಡಿ ನೀರಿಗೆ ಹಾಕ್ದೆ, ಮೂರನೇ ದಿನ ಪ್ರೋಬಯಾಟಿಕ್ ಅಂತ, ಕರುಳಿಗೆ ಒಳ್ಳೇದು ಮಾಡೋ ಜೀವಿಗಳಿರೋ ಇನ್ನೊಂದು ಪ್ಯಾಕೆಟ್ ಕೊಟ್ರು, ಅದನ್ನೂ ಅದೇ ನೀರಿಗೆ ಬೆರೆಸ್ದೆ. ಈಗ ಅಲ್ಲಲ್ಲಿ ಕಂದು ಬಣ್ಣದ ಅಂಟಂಟು ಹಿಕ್ಕೆ, ಮೂಗು ಮುಚ್ಕೋಬೇಕು ಅಂಥ ವಾಸನೆ. ಅಂಗಡೀಲಿ ಕೇಳಿದ್ರೆ ಭೇದಿ, ಇನ್ನೊಂದು ಕೋರ್ಸ್ ಹಾಕು ಅಂತಾರೆ. ಮರಿಗಳೇನೋ ಚೆನ್ನಾಗಿ ತಿಂತಿವೆ, ಓಡಾಡ್ತಿವೆ.

ಉತ್ತರ: ಹಾಕ್ಬೇಡಿ. ತಿಂದು ಓಡಾಡೋ ಮರಿಗೆ ಯಾವ ಭೇದಿ ಹೇಳಿ? ಕೋಳಿ ಕರುಳಿನ ಕೊನೇಲಿ ಎರಡು ಕುರುಡು ಚೀಲ ಇರ್ತವೆ, ಸೀಕಾ ಅಂತೀವಿ. ಸೂಕ್ಷ್ಮಜೀವಿಗಳು ಅತಿ ಹೆಚ್ಚು ಇರೋದು ಅಲ್ಲೇ, ಒಂದು ಗ್ರಾಂನಲ್ಲಿ ಸಾವಿರಾರು ಕೋಟಿ. ಆ ಚೀಲ ಆಗಾಗ ಖಾಲಿಯಾದಾಗ ಬೀಳೋದೇ ನೀವು ಹೇಳ್ತಿರೋ ಚಾಕೊಲೇಟ್ ಥರದ ಹಿಕ್ಕೆ. ನಡುನಡುವೆ ಒಂದೊಂದು ಬಿದ್ರೆ ಅದು ಸರಿಯಾಗಿರೋ ಕೋಳಿ ಅಂತ ಅರ್ಥ. ಬಿಳಿ ಟೋಪಿ ಇರೋ ಗಟ್ಟಿ ಹಿಕ್ಕೇನೇ ಜಾಸ್ತಿ ಕಾಣ್ಬೇಕು ಅಷ್ಟೇ. ರಕ್ತ ಕಂಡ್ರೆ, ನೊರೆನೊರೆ ಕಂಡ್ರೆ, ಮರಿ ರೆಕ್ಕೆ ಇಳಿಬಿಟ್ಟು ಮೂಲೇಲಿ ಕೂತ್ರೆ ಆಗ ಮಾತು ಬೇರೆ.

ಇನ್ನು ನೀರಿನ ವಿಷಯ. ಒಂದೇ ಡ್ರಿಂಕರಲ್ಲಿ, ಅಂದ್ರೆ ಮರಿ ನೀರು ಕುಡಿಯೋ ಪಾತ್ರೇಲಿ, ಆಂಟಿಬಯಾಟಿಕ್ಕೂ ಪ್ರೋಬಯಾಟಿಕ್ಕೂ ಹಾಕೋದು ಅಂದ್ರೆ ಬಿತ್ತಿದ ಬೀಜಕ್ಕೆ ಕಳೆನಾಶಕ ಹೊಡೆದಂಗೆ, ಆ ಪ್ಯಾಕೆಟಲ್ಲಿ ಲ್ಯಾಕ್ಟೋಬ್ಯಾಸಿಲಸ್ ಥರದ ಒಳ್ಳೆ ಬ್ಯಾಕ್ಟೀರಿಯಾ ಇದ್ರೆ ಬಹುಪಾಲು ಸತ್ತೇ ಹೋಗಿರುತ್ತೆ. ಬ್ಲೀಚಿಂಗ್ ಪೌಡರ್ ಹಾಕಿದ ನೀರಲ್ಲೂ ಇದೇ ಗತಿ.

ಹ್ಯಾಚರಿ ಮರಿಗೆ ದೊಡ್ಡ ಕೊರತೆ ಏನು ಗೊತ್ತಾ, ತಾಯಿ. ಹಿತ್ತಿಲ ಕೋಳಿ ಮರಿ ಕಟ್ಕೊಂಡು ತಿಪ್ಪೆ ಕೆದರುತ್ತೆ, ಮರಿ ಅಮ್ಮನ ಹಿಕ್ಕೇನೂ ಕುಕ್ಕುತ್ತೆ, ಅಲ್ಲಿಂದಾನೇ ಒಳ್ಳೆ ಜೀವಿಗಳು ಹೊಟ್ಟೆಗೆ ಸೇರ್ಕೋತವೆ. ಇನ್‌ಕ್ಯುಬೇಟರಿಂದ ಬಂದ ಮರಿ ಕರುಳು ಹೆಚ್ಚುಕಮ್ಮಿ ಖಾಲಿ ಸೈಟು, ಯಾರು ಮೊದ್ಲು ಬಂದ್ರೆ ಅವರದ್ದೇ ಬೇಲಿ. ಫಿನ್‌ಲೆಂಡಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಕಾಟ ಜಾಸ್ತಿ ಆದಾಗ ನುರ್ಮಿ, ರಂಟಾಲಾ ಅನ್ನೋ ಇಬ್ರು ಸಂಶೋಧಕರು ದೊಡ್ಡ ಕೋಳಿ ಕರುಳಿನ ಒಳಗಿನದ್ದನ್ನ ಮರಿಗಳಿಗೆ ಕುಡಿಸಿ ನೋಡಿದ್ರು, ಆ ಮರಿಗಳಲ್ಲಿ ಸಾಲ್ಮೊನೆಲ್ಲಾ ಅಷ್ಟು ಸುಲಭಕ್ಕೆ ನೆಲೆ ನಿಲ್ಲಲಿಲ್ಲ. 1973ರಲ್ಲೇ ಬಂದ ವಿಷಯ ಇದು, ನಮ್ಮ ಅಂಗಡಿಗಳಿಗೆ ಮಾತ್ರ ಇನ್ನೂ ತಲುಪಿಲ್ಲ. ರೋಗ ಇಲ್ದೆ ಮೊದ್ಲೈದು ದಿನ ಆಂಟಿಬಯಾಟಿಕ್ ಹಾಕಿದ್ರೆ ಬರಬೇಕಾದವ್ರನ್ನೇ ಗೇಟಲ್ಲಿ ಓಡಿಸಿದಂಗೆ. ಇನ್ನೊಂದು, ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್‌ನ ಕೋಳಿಗೆ ಕೊಡೋದನ್ನ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಮಾಡಿದೆ, ಪ್ಯಾಕೆಟ್ ಮೇಲೆ ಆ ಹೆಸರಿದೆಯಾ ನೋಡಿ.

ಸದ್ಯಕ್ಕೆ ಲಿಟರ್, ಅಂದ್ರೆ ಶೆಡ್ ನೆಲಕ್ಕೆ ಹಾಸಿರೋ ಹೊಟ್ಟು, ನೋಡಿ. ಭತ್ತದ ಹೊಟ್ಟು ಒಂದು ಹಿಡಿ ಹಿಂಡಿ ಬಿಡಿ, ಉಂಡೆ ಕಟ್ಟಿದ್ರೆ ತೇವ ಜಾಸ್ತಿ, ಅದ್ರಲ್ಲಿ ಕಾಕ್ಸಿಡಿಯಾ ಅನ್ನೋ ಪರಾವಲಂಬಿ ಬೆಳೆಯುತ್ತೆ, ಅದು ಕರುಳು ಗಾಯ ಮಾಡಿದ್ಮೇಲೆ ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾ ನುಗ್ಗುತ್ತೆ. ಡ್ರಿಂಕರ್ ಕೆಳಗೇ ಮೊದ್ಲು ಒದ್ದೆ ಆಗೋದು, ಅಲ್ಲಿಂದ ನೋಡ್ಕೊಂಡು ಬನ್ನಿ.

ಇನ್ನೊಬ್ರು: ಸಾರ್, ನಮ್ಮತ್ತೆ ಮರಿಗಳಿಗೆ ಮಜ್ಜಿಗೆ ಇಡ್ತಾರೆ, ಪ್ಯಾಕೆಟ್ಟೇ ಬೇಡ ಅಂತಾರೆ. ಸರೀನಾ?

ಉತ್ತರ: ನಿಮ್ಮತ್ತೆ ಪೂರ್ತಿ ತಪ್ಪೇನಲ್ಲಮ್ಮ. ಆದ್ರೆ ಹಾಲಿನ ಸಕ್ಕರೆ ಕೋಳಿಗೆ ಸರಿಯಾಗಿ ಜೀರ್ಣ ಆಗಲ್ಲ, ಜಾಸ್ತಿ ಆದ್ರೆ ಹಿಕ್ಕೆ ನೀರಾಗುತ್ತೆ. ನೀರ್ಮಜ್ಜಿಗೆ ವಾರಕ್ಕೊಂದೆರಡು ದಿನ, ಬೆಳಗ್ಗೆ ಒಂದು ಗಂಟೆ ಇಟ್ಟು ಆಮೇಲೆ ಡ್ರಿಂಕರ್ ಉಜ್ಜಿ ತೊಳೆದುಬಿಡಿ. ಪೈಪಿಗೆ ಮೊಲೆತೊಟ್ಟಿನಂಥ ನಳಿಗೆ ಇರೋ ನಿಪ್ಪಲ್ ಲೈನಿಗಂತೂ ಬಿಡಲೇಬೇಡಿ, ಒಳಗೆ ಗಸಿ ಕಟ್ಕೊಂಡ್ರೆ ಪೈಪೇ ಬಿಚ್ಬೇಕಾಗುತ್ತೆ.

ಮೊದಲ ಪ್ರಶ್ನೆಯವ್ರು: ಹಿಂಡಿ ನೋಡ್ದೆ ಡಾಕ್ಟ್ರೇ, ಡ್ರಿಂಕರ್ ಕೆಳಗೆ ಉಂಡೆ ಕಟ್ತು, ಬೇರೆ ಕಡೆ ಒಣಗೇ ಇದೆ.

ಉತ್ತರ: ಹಂಗಾದ್ರೆ ಅಷ್ಟು ಜಾಗದ್ದು ತೆಗೆದು ಒಣ ಹೊಟ್ಟು ಹಾಕಿ, ಡ್ರಿಂಕರ್ ಅಂಚು ಮರಿ ಬೆನ್ನಿನ ಮಟ್ಟಕ್ಕೆ ಏರಿಸಿ. ನಾಳೆ ಹಿಕ್ಕೆ ಫೋಟೋ ಹಾಕಿ, ಬೆಳಕಲ್ಲಿ ತೆಗೀರಿ.