ದವಡೆ ಹಲ್ಲಿಗೆ ಕಾಂಪೋಸಿಟ್ಟಾ, ಜಿರ್ಕೋನಿಯಾನಾ, ಚಿನ್ನಾನಾ? ತುಂಬಾ ವರ್ಷ ಬಾಳಿಕೆ ಬರೋದು ಯಾವ್ದು?

ಕೆಳದವಡೆ ಬರೆದಿದ್ದು:

ಎಲ್ರಿಗೂ ನಮಸ್ಕಾರ. ಕೆಳಗಡೆ ಎಡಗಡೆ ದೊಡ್ಡ ದವಡೆ ಹಲ್ಲಿಗೆ ತುಂಬಾ ಹಿಂದೆ ಬೆಳ್ಳಿ ಫಿಲ್ಲಿಂಗ್ ಹಾಕ್ಸಿದ್ದೆ, ಆ ಫಿಲ್ಲಿಂಗ್ ಇವತ್ತಿಗೂ ಅಲ್ಲಾಡಿಲ್ಲ ಆದ್ರೆ ಅದರ ಸುತ್ತ ಇರೋ ಹಲ್ಲಿನ ಗೋಡೆನೇ ಮುರ್ಕೊಂಡು ಬಂತು, ನಾಲಿಗೆ ಕಡೆ ಇರೋ ಒಂದು ಮೂಲೆ. ನೋವೇನಿಲ್ಲ, ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ, ನಾಲಿಗೆ ಮಾತ್ರ ಸುಮ್ನಿರಲ್ಲ ಆ ಚೂಪನ್ನೇ ಸವರ್ತಾ ಇರುತ್ತೆ. ಒಬ್ರು ಡಾಕ್ಟ್ರು ಬಿಳಿ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಸಾಕು ಅಂದ್ರು, ಇನ್ನೊಬ್ರು ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪೇ ಆಗ್ಬೇಕು ಅಂದ್ರು, ಮನೇಲಿ ದೊಡ್ಡೋರು ಚಿನ್ನ ಹಾಕ್ಸು ಕಾಲಕಾಲಕ್ಕೂ ಇರುತ್ತೆ ಅಂತಿದಾರೆ. ರಾತ್ರಿ ನಿದ್ದೇಲಿ ಹಲ್ಲು ಕಡಿಯೋ ಅಭ್ಯಾಸ ಬೇರೆ ಇದೆ ನಂಗೆ. ಪದೇಪದೇ ಕುರ್ಚಿ ಮೇಲೆ ಮಲಗೋಕೆ ಇಷ್ಟ ಇಲ್ಲ, ಒಂದ್ಸಲ ಮಾಡ್ಸಿದ್ರೆ ಮುಗೀಬೇಕು. ಯಾವ ಮೆಟೀರಿಯಲ್ ಅಂತ ಗೊತ್ತಿರೋರು ಹೇಳಿ.

ಗಟ್ಟಿಹಲ್ಲು:

ಕಣ್ಮುಚ್ಕೊಂಡು ಜಿರ್ಕೋನಿಯಾ ಹಾಕ್ಸಿ ಗುರು. ನಂದು ರೂಟ್ ಕೆನಾಲ್ ಆದ್ಮೇಲೆ ಹಾಕ್ಸಿದ್ದು, ಇವತ್ತಿನವರೆಗೂ ಒಂದು ಗೀರೂ ಇಲ್ಲ. ಕಾಂಪೋಸಿಟ್ ಎಲ್ಲಾ ಟೈಂಪಾಸು.

ಹಲ್ಲಿನ ಡಾಕ್ಟ್ರು:

ಕೆಳದವಡೆ ಅವರೇ, ಫಿಲ್ಲಿಂಗ್ ಉಳೀತು ಹಲ್ಲು ಮುರೀತು ಅಂತ ನೀವು ಬರ್ದಿದೀರಲ್ಲ, ಉತ್ತರ ಅರ್ಧ ಅಲ್ಲೇ ಇದೆ. ಬೆಳ್ಳಿ ಅಂತ ಕರೆಯೋ ಅಮಾಲ್ಗಂ ಹಲ್ಲಿಗೆ ಅಂಟ್ಕೊಳಲ್ಲ. ಡಾಕ್ಟ್ರು ಒಳಗಡೆ ಅಗಲ ಮೇಲ್ಗಡೆ ಕಿರಿದು ಮಾಡಿ ಕೊರೆದಿರ್ತಾರೆ, ಅದರ ಹಿಡಿತದಲ್ಲೇ ಅದು ಕೂತಿರೋದು. ಸುತ್ತ ಉಳಿದ ಗೋಡೆಗಳು ತೆಳ್ಳಗಿದ್ರೆ ಪ್ರತಿ ಸಲ ಕಚ್ಚಿದಾಗ್ಲೂ ಸೌದೆಗೆ ಬೆಣೆ ಹೊಡೆದ ಹಾಗೆ ಅವು ಸ್ವಲ್ಪ ಸ್ವಲ್ಪ ಹೊರಗೆ ಬಾಗಿ ಬಾಗಿ ಒಂದಿನ ಒಂದು ಮೂಲೆ ಕಳಚ್ಕೊಳ್ಳುತ್ತೆ. ಹಾಗಾಗಿ ಮೊದಲ ಪ್ರಶ್ನೆ ಯಾವ ಮೆಟೀರಿಯಲ್ ಅನ್ನೋದಲ್ಲ, ಹಳೇ ಫಿಲ್ಲಿಂಗ್ ತೆಗೆದ ಮೇಲೆ ಎಷ್ಟು ಹಲ್ಲು ಉಳ್ಕೊಳ್ಳುತ್ತೆ, ತಳದಲ್ಲಿ ಬಿರುಕು ಇದ್ಯಾ ಅನ್ನೋದು. ಅದು ತೆಗೆದು ನೋಡೋವರೆಗೂ ಯಾರೂ ಖಂಡಿತವಾಗಿ ಹೇಳೋಕಾಗಲ್ಲ, ಹೇಳ್ತಿದಾರೆ ಅಂದ್ರೆ ಅಂದಾಜು ಅಷ್ಟೆ.

ಉಳಿದ ಗೋಡೆ ಸುಮಾರು 2 ಮಿಲಿಮೀಟರಿಗಿಂತ ದಪ್ಪ ಇದ್ದು ಬಿರುಕು ಇಲ್ಲ ಅಂದ್ರೆ ಕಾಂಪೋಸಿಟ್ ಧಾರಾಳವಾಗಿ ನಡೆಯುತ್ತೆ, ಟೈಂಪಾಸ್ ಏನಲ್ಲ. ಆದ್ರೆ ಅದು ಮಾಡೋರ ಕೈ ಮೇಲೆ ನಿಂತಿರೋ ಕೆಲಸ. ಬೆಳಕು ಬಿಟ್ಟು ಗಟ್ಟಿ ಮಾಡುವಾಗ ಅದು ನೂರಕ್ಕೆ 2-3 ಭಾಗ ಕುಗ್ಗುತ್ತೆ, ಅದಕ್ಕೇ 2 ಮಿಲಿಮೀಟರ್ ಪದರ ಪದರವಾಗಿ ತುಂಬ್ತಾರೆ. ಅಂಟು ಹಚ್ಚುವಾಗ ಎಂಜಲು ತಾಗಿದ್ರೆ ಮುಗೀತು, ಅಂಚಲ್ಲಿ ಸಂದು ಬಿಟ್ಟು ಅಲ್ಲೇ ಮತ್ತೆ ಹುಳುಕು ಶುರು. ಹಲ್ಲಿನ ಮೇಲೆ ರಬ್ಬರ್ ಹಾಳೆ ಬಿಗಿದು ಕೆಲಸ ಮಾಡ್ತಾರಾ ಅಂತ ಕೇಳಿ. ಆ ಪ್ರಶ್ನೆ ಬ್ರ್ಯಾಂಡ್ ಯಾವ್ದು ಅನ್ನೋದಕ್ಕಿಂತ ಮುಖ್ಯ. ಮುರಿದ ಅಂಚು ವಸಡಿನ ಕೆಳಗೆ ಹೋಗಿದ್ರೆ ಅಲ್ಲಿ ಎನಾಮಲ್ಲೂ (ಹಲ್ಲಿನ ಮೇಲಿನ ಗಟ್ಟಿ ಪದರ) ಇರಲ್ಲ, ಒಣಗಿಸೋದೂ ಕಷ್ಟ, ಆಗ ಕಾಂಪೋಸಿಟ್ ಮೇಲೆ ನಾನಂತೂ ಭರವಸೆ ಇಡಲ್ಲ.

ಇನ್ನೊಂದು, ಫಿಲ್ಲಿಂಗು ಪೂರ್ತಿ ಕ್ಯಾಪು ಎರಡರ ಮಧ್ಯೆ ಆನ್‌ಲೇ ಅಂತ ಒಂದಿದೆ, ಬರೀ ಮೇಲ್ಭಾಗ ಮುಚ್ಚಿ ಅಂಟಿಸೋದು. ಸುತ್ತಲೂ ಅರೆದು ಒಳ್ಳೇ ಹಲ್ಲನ್ನ ಬಲಿ ಕೊಡೋದು ತಪ್ಪುತ್ತೆ. ನಿಮ್ಮ ಹಲ್ಲು ಜೀವಂತ ಇದೆ, ನರ ಉಳಿಸ್ಕೊಳೋದು ಒಳ್ಳೇದು.

ಲ್ಯಾಬ್ ಮೂಲೆ:

ನಾನು ಕ್ಯಾಪ್ ಮಾಡೋ ಲ್ಯಾಬಲ್ಲಿ ಕೂರೋನು. ಗಟ್ಟಿಹಲ್ಲು ಬ್ರದರ್, ಜಿರ್ಕೋನಿಯಾ ಅಂದ್ರೆ ಒಂದೇ ಅಲ್ಲ. ಯಿಟ್ರಿಯಾ (ಜಿರ್ಕೋನಿಯಾಗೆ ಬೆರೆಸೋ ಇನ್ನೊಂದು ಆಕ್ಸೈಡ್) ಕಮ್ಮಿ ಇರೋ 3ವೈ ಅನ್ನೋದು 1000 ಮೆಗಾಪಾಸ್ಕಲ್ (ಮುರಿಯೋ ಮುಂಚೆ ತಡೆಯೋ ಒತ್ತಡದ ಅಳತೆ) ಆಸುಪಾಸು ತಡ್ಕೊಳ್ಳುತ್ತೆ, ಬಿರುಕು ಶುರುವಾದ ಜಾಗದಲ್ಲಿ ಹರಳುಗಳೇ ರೂಪ ಬದಲಾಯ್ಸಿ ಸ್ವಲ್ಪ ಉಬ್ಬಿ ಬಿರುಕನ್ನ ಅಲ್ಲೇ ಅದುಮುತ್ತೆ, ಅದೇ ಅದರ ಗುಟ್ಟು. ಬೆಳಕು ಸ್ವಲ್ಪ ಹಾಯ್ದು ನಿಜವಾದ ಹಲ್ಲಿನ ಥರ ಕಾಣ್ಲಿ ಅಂತ ಯಿಟ್ರಿಯಾ ಜಾಸ್ತಿ ಮಾಡಿದ 5ವೈಗೆ ಆ ಗುಟ್ಟು ಹೆಚ್ಚುಕಮ್ಮಿ ಇಲ್ಲ, ಬಲಾನೂ ಸಾಕಷ್ಟು ಇಳಿಯುತ್ತೆ. ಮುಂದಿನ ಹಲ್ಲಿಗೆ ಸರಿ, ಹಲ್ಲು ಕಡಿಯೋರ ಹಿಂದಿನ ದವಡೆಗೆ ಯಾಕೆ? ಆರ್ಡರ್ ಚೀಟೀಲಿ ಬರೀ ಜಿರ್ಕೋನಿಯಾ ಅಂತ ಬರ್ದು ಕಳ್ಸೋರು ಎಷ್ಟೋ ಜನ, ಯಾವ್ದು ಅಂತ ನಾವೇ ಫೋನ್ ಮಾಡಿ ಕೇಳ್ಬೇಕು.

ಮೇಲೆ ಪಿಂಗಾಣಿ ಪದರ ಕೂರಿಸಿರೋದು ಬೇಡ, ಒಳಗಿನದು ಗಟ್ಟಿ ಇದ್ರೂ ಮೇಲಿನ ಪದರ ಚಕ್ಕೆ ಏಳುತ್ತೆ. ಲೋಹದ ಮೇಲೆ ಪಿಂಗಾಣಿ ಕೂರಿಸೋ ಹಳೇ ಕ್ಯಾಪಿಗೂ ಇದೇ ಕಾಯಿಲೆ. ದವಡೆಗೆ ಪೂರ್ತಿ ಒಂದೇ ಗಟ್ಟಿಯಿಂದ ಕೊರೆದಿದ್ದು ಕೇಳಿ.

ಗಾಜಿನ ಜಾತಿದು ಲಿಥಿಯಂ ಡೈಸಿಲಿಕೇಟ್, ಅದು 400 ಮೆಗಾಪಾಸ್ಕಲ್ ಹತ್ರ. ನಂಬರ್ ನೋಡಿ ಕಮ್ಮಿ ಅಂದ್ಕೋಬೇಡಿ, ಅದನ್ನ ಆಸಿಡ್ ಹಾಕಿ ತರಿ ಮಾಡಿ ಹಲ್ಲಿಗೆ ಗಟ್ಟಿಯಾಗಿ ಅಂಟಿಸ್ಬಹುದು, ಜಿರ್ಕೋನಿಯಾಲಿ ಗಾಜೇ ಇಲ್ಲ ಆ ಆಸಿಡ್ ಅದಕ್ಕೇನೂ ಮಾಡಲ್ಲ, ಬೇರೆ ಪ್ರೈಮರ್ (ಅಂಟಿಗೆ ಮುಂಚೆ ಹಚ್ಚೋ ದ್ರವ) ಬೇಕು. ಡಾಕ್ಟ್ರು ಹೇಳಿದ ಆನ್‌ಲೇಗೆ ಅದಕ್ಕೇ ಇದು ಜಾಸ್ತಿ ಬಳಕೆ. ಆದ್ರೆ ಕಚ್ಚೋ ಜಾಗದಲ್ಲಿ 1.5 ಮಿಲಿಮೀಟರ್ ದಪ್ಪ ಸಿಗ್ಬೇಕು.

ಗಟ್ಟಿಹಲ್ಲು:

ಸರಿ ಬಿಡಿ, ಒಪ್ದೆ, ಆದ್ರೆ ಜಿರ್ಕೋನಿಯಾ ಎದುರು ಹಲ್ಲನ್ನ ತಿಂದ್ಹಾಕುತ್ತೆ ಅಂತ ಹೆದರಿಸ್ತಾರಲ್ಲ ಅದು ನಿಜಾನಾ?

ಲ್ಯಾಬ್ ಮೂಲೆ:

ಕನ್ನಡಿ ಥರ ಪಾಲಿಶ್ ಆಗಿದ್ರೆ ಸುಳ್ಳು, ಪಿಂಗಾಣಿಗಿಂತ ಕಮ್ಮಿನೇ ಸವೆಸುತ್ತೆ. ತೊಂದ್ರೆ ಬರೋದು ಎಲ್ಲಿ ಅಂದ್ರೆ, ಕೂರಿಸುವಾಗ ನೀಲಿ ಪೇಪರ್ ಕಚ್ಚಿಸಿ ಎತ್ತರ ಇದ್ದ ಕಡೆ ಡೈಮಂಡ್ ಬರ್‌ನಲ್ಲಿ (ಹಲ್ಲು ಅರೆಯೋ ವಜ್ರದ ಪುಡಿಯ ತುದಿ) ಉಜ್ಜಿ ಹಾಗೇ ಕಳ್ಸಿಬಿಟ್ರೆ ಆ ಜಾಗ ಉಪ್ಪು ಕಾಗದ. ಉಜ್ಜಿದ್ರೆ ಮತ್ತೆ ಪಾಲಿಶ್ ಮಾಡ್ಲೇಬೇಕು.

ಚಿನ್ನದ ವಿಷಯ ಯಾರೂ ಮಾತಾಡ್ಲಿಲ್ಲ. ಮನೆಯೋರು ಹೇಳಿದ್ರಲ್ಲಿ ತಪ್ಪಿಲ್ಲ ಕಣ್ರಿ, ಎದುರು ಹಲ್ಲನ್ನ ಜಾಸ್ತಿ ಸವೆಸಲ್ಲ, ತೆಳುವಾಗಿ ಮಾಡ್ಬಹುದು ಹಾಗಾಗಿ ಹಲ್ಲು ಕಮ್ಮಿ ಅರೀಬೇಕು, ಒಡೆಯೋ ಪ್ರಶ್ನೇನೇ ಇಲ್ಲ, ಅಂಚು ಕೂರೋದಂತೂ ನೋಡೋಕೇ ಚೆಂದ. ಬಣ್ಣ ಬೇಡ ಅಂತ ಜನ ಬಿಟ್ರು ಅಷ್ಟೆ.

ಶುದ್ಧಜೀವಿ:

ಬೆಳ್ಳಿ ಫಿಲ್ಲಿಂಗಲ್ಲಿ ಅರ್ಧ ಪಾದರಸ!! ಯುರೋಪಲ್ಲಿ ಬ್ಯಾನ್ ಆಗಿದೆ. ಬಾಯಲ್ಲಿ ಇರೋದೆಲ್ಲಾ ಇವತ್ತೇ ತೆಗೆಸಿ.

ಹಲ್ಲಿನ ಡಾಕ್ಟ್ರು:

ಅರ್ಧ ಪಾದರಸ ಅನ್ನೋದು ನಿಜ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ನಿಲ್ಸಿದೆ, ರೋಗಿಯ ವೈದ್ಯಕೀಯ ಕಾರಣಕ್ಕೆ ಅದೇ ಬೇಕೇಬೇಕು ಅಂತ ಡಾಕ್ಟ್ರು ತೀರ್ಮಾನಿಸೋ ಸಂದರ್ಭ ಬಿಟ್ಟು. ಅದರ ಹಿಂದಿರೋ ಮುಖ್ಯ ಚಿಂತೆ ನೀರಿಗೆ ಗಾಳಿಗೆ ಸೇರೋ ಪಾದರಸ. ಅಲರ್ಜಿ ಇಲ್ಲದೆ, ಚೆನ್ನಾಗಿರೋ ಫಿಲ್ಲಿಂಗನ್ನ ಭಯಕ್ಕೆ ತೆಗೆಸಿದ್ರೆ ಕೊರೆಯುವಾಗ್ಲೇ ಆವಿ ಜಾಸ್ತಿ ಬರೋದು, ಜೊತೆಗೆ ಒಳ್ಳೇ ಹಲ್ಲೂ ಸ್ವಲ್ಪ ಹೋಗುತ್ತೆ. ಕೆಳದವಡೆ ಅವರದು ಹೇಗೂ ತೆಗೀಲೇಬೇಕು, ಆ ಮಾತೇ ಬೇರೆ.

ಕೆಳದವಡೆ:

ಎಲ್ರಿಗೂ ಥ್ಯಾಂಕ್ಸ್, ಅಪ್‌ಡೇಟ್ ಕೊಡ್ತಿದೀನಿ. ಫಿಲ್ಲಿಂಗ್ ತೆಗೆಸಿ ಕ್ಯಾಮೆರಾದಲ್ಲಿ ತೋರ್ಸಿದ್ರು, ಕೆನ್ನೆ ಕಡೆ ಗೋಡೆ ಬುಡದಲ್ಲಿ ಕೂದಲೆಳೆಯಷ್ಟು ಕಂದು ಗೆರೆ, ಅದೂ ಬಿರುಕಂತೆ. ಅಂಚು ಮಾತ್ರ ವಸಡಿನ ಮೇಲೇ ಇದೆ. ಅದಕ್ಕೆ ಒಳಗೆ ತುಂಬಿಸಿ ಮೇಲೆಲ್ಲಾ ಮುಚ್ಚೋ ಲಿಥಿಯಂ ಡೈಸಿಲಿಕೇಟ್ ಆನ್‌ಲೇ ಅಂತ ಆಗಿದೆ, ಅಳತೆ ಕೊಟ್ಟು ಬಂದೆ. ರಬ್ಬರ್ ಹಾಳೆ ಕೇಳ್ದೆ, ಹಾಕ್ತೀವಿ ಅಂದ್ರು. ಅದೇ ಟೈಮಲ್ಲಿ ಮೇಲ್ಗಡೆ ಹಲ್ಲಿನ ಬುಡದಲ್ಲಿ ಬ್ರಶ್ ಉಜ್ಜಿ ಉಜ್ಜಿ ಸವೆದ ಗುಂಡಿ ಇದೆ ಅಂದ್ರು, ಅಲ್ಲಿಗೂ ಲಿಥಿಯಂನೇ ಹಾಕ್ಬೋದಾ?

ಹಲ್ಲಿನ ಡಾಕ್ಟ್ರು:

ಅಯ್ಯೋ ಅಷ್ಟೆಲ್ಲಾ ಬೇಡ. ಬುಡದಲ್ಲಿ ಕಚ್ಚೋ ಒತ್ತಡ ನೇರವಾಗಿ ಬೀಳಲ್ಲ, ತೇವ ಮಾತ್ರ ತಪ್ಪಲ್ಲ. ಗ್ಲಾಸ್ ಅಯನೋಮರ್ ಸಿಮೆಂಟ್, ಅದರಲ್ಲೂ ರೆಸಿನ್ (ಪ್ಲಾಸ್ಟಿಕ್ ಥರದ ವಸ್ತು) ಬೆರೆಸಿದ್ದು, ಅಲ್ಲಿಗೆ ಸರಿಹೋಗುತ್ತೆ. ಹಲ್ಲಿನ ಕ್ಯಾಲ್ಸಿಯಂಗೆ ತಾನಾಗೇ ಅಂಟುತ್ತೆ, ಫ್ಲೋರೈಡ್ ಬಿಡ್ತಾ ಇರುತ್ತೆ. ದವಡೆ ಮೇಲೆ ಹಾಕಿದ್ರೆ ಬೇಗ ಸವೆಯೋ ವಸ್ತು ಅದು, ಬುಡದಲ್ಲಿ ಆ ಚಿಂತೆ ಕಮ್ಮಿ. ಬ್ರಶ್ ಮೆತ್ತಗಿನದು ತಗೊಂಡು ಅಡ್ಡಡ್ಡ ಉಜ್ಜೋದು ಬಿಡಿ. ಮತ್ತೆ ಆನ್‌ಲೇ ಕೂರಿಸಿದ ಮೇಲೆ ರಾತ್ರಿ ಹಾಕ್ಕೊಳೋ ಗಾರ್ಡ್‌ಗೆ ಅಳತೆ ಕೊಡಿ, ಮೊದಲೇ ಕೊಟ್ರೆ ಆಮೇಲೆ ಅದು ಕೂರಲ್ಲ.